ಮೇಲಿನ ಮೀಟರು, ಕೆಳಗಿನ ಮೀಟರು

ಮನೆ ನನ್ನದು, ಗೋಡೆ ನನ್ನದು, ಗೋಡೆಯೊಳಗಿನ ವೈರೂ ನನ್ನದು. ಆದರೆ ಆ ವೈರಿನಲ್ಲಿ ಯಾವ ಕಂಪನಿಯ ಕರೆಂಟು ಹರಿಯಬೇಕು ಎಂದು ತೀರ್ಮಾನಿಸುವವನು ಮಾತ್ರ ಬಾಡಿಗೆಗೆ ಬಂದವನು. ಇದು ಯಾವ ಸೀಮೆಯ ನ್ಯಾಯ? ನಾರ್ಮನ್ ಹೆಸ್ಲಪ್ ಈ ಪ್ರಶ್ನೆಯನ್ನು ಹನ್ನೊಂದು ವರ್ಷಗಳಿಂದ ಕೇಳುತ್ತ ಬಂದಿದ್ದ. ಹೆಂಡತಿ ಡೊರೀನಳನ್ನು ಕೇಳಿದ್ದ, ಮೀನಿನಂಗಡಿಯ ಸಾಲಿನಲ್ಲಿ ಮುಂದೆ ನಿಂತವರನ್ನು ಕೇಳಿದ್ದ, ಒಮ್ಮೆ ಹಲ್ಲು ಕೀಳಿಸಿಕೊಳ್ಳಲು ಹೋದಾಗ ಬಾಯಲ್ಲಿ ಹತ್ತಿ ಇಟ್ಟುಕೊಂಡೇ ದಂತವೈದ್ಯೆಯನ್ನೂ ಕೇಳಿದ್ದ. ಬಿಲ್ಲು ಕಟ್ಟುವವರು ಕಂಪನಿ ಆರಿಸುತ್ತಾರೆ, ಕಾನೂನು ಇರುವುದೇ ಹಾಗೆ ಎಂದು ಎಲ್ಲರೂ ಹೇಳಿದರು. (ದಂತವೈದ್ಯೆ ಮಾತ್ರ ‘ಉಗುಳಿ’ ಎಂದಳು.)

ಸೌತ್ ಶೀಲ್ಡ್ಸ್ ಎಂಬ ಕಡಲೂರಿನ ಬೀಕನ್ ಬೀದಿಯಲ್ಲಿ ಎಲ್ಲ ಮನೆಗಳದ್ದೂ ಒಂದೇ ಅಚ್ಚು. ಬೀದಿಗೆ ಜೋಡಿ ಬಾಗಿಲುಗಳು. ನಲವತ್ತೇಳನೆಯ ಬಾಗಿಲು ತೆರೆದರೆ ಕೆಳಗಿನ ಮನೆ. ನಲವತ್ತೊಂಬತ್ತನೆಯದನ್ನು ತೆರೆದರೆ ಎದುರಿಗೇ ಮೆಟ್ಟಿಲು, ಹತ್ತಿದರೆ ಮೇಲಿನ ಮನೆ. ಎರಡು ಬಾಗಿಲುಗಳ ನಡುವಿನ ಗೋಡೆಯಲ್ಲಿ ಒಂದು ಗೂಡು, ಗೂಡಿನಲ್ಲಿ ಒಂದರ ಮೇಲೊಂದು ಎರಡು ಕರೆಂಟು ಮೀಟರು. ಬಸ್ಸುಗಳು ಹೊತ್ತಿಗೆ ಸರಿಯಾಗಿ ಬಂದವೋ ಇಲ್ಲವೋ ಎಂದು ಮೂವತ್ತನಾಲ್ಕು ವರ್ಷ ತಪಾಸಣೆ ಮಾಡಿ ನಿವೃತ್ತನಾದ ನಾರ್ಮನ್, ತಾನಿರುವ ಕೆಳಗಿನ ಮನೆಯ ಜೊತೆಗೆ ಮೇಲಿನ ಮನೆಯನ್ನೂ ಕೊಂಡು, ಮನೆ ಮಾಲೀಕ ಎಂಬ ಬಿರುದಿಗೆ ಪಾತ್ರನಾದ. ಮಾಲೀಕನಾಗಿ ಅವನು ಮಾಡಿದ ಮೊಟ್ಟಮೊದಲ ಕೆಲಸವೆಂದರೆ ಒಂದು ಸಣ್ಣ ಡಬ್ಬಿ ಬಿಳಿ ಬಣ್ಣ ತಂದು, ಗೂಡಿನ ಹಲಗೆಯ ಮೇಲೆ ಕಪ್ಪಾಗಿ ಹೋಗಿದ್ದ ಎರಡು ಹಿತ್ತಾಳೆ ಬಿಲ್ಲೆಗಳ ಮೇಲೆ ಅಚ್ಚುಕಟ್ಟಾಗಿ ‘49’, ‘47’ ಎಂದು ಬರೆದದ್ದು. ಅಕ್ಷರ ಮುತ್ತಿನ ಹಾಗಿತ್ತು. ಅದನ್ನು ಯಾರೂ ಅಲ್ಲಗಳೆಯಲಾರರು.

ಆಗ ಕರೆಂಟಿನ ಕಂಪನಿಯಿಂದ ಒಂದು ಕಾಗದ ಬಂದಿತ್ತು. ನೀವು ಬರೆದು ಕಳಿಸಿದ ಮೀಟರಿನ ಸಂಖ್ಯೆ ನಮ್ಮ ದಾಖಲೆಗೆ ತಾಳೆಯಾಗುತ್ತಿಲ್ಲ, ದಯವಿಟ್ಟು ಇನ್ನೊಮ್ಮೆ ನೋಡಿ ಎಂದು. ನಾರ್ಮನ್ ನೋಡಲಿಲ್ಲ. ಬದಲಿಗೆ ಮೂರು ಪುಟದ ಉತ್ತರ ಬರೆದ. ನಾನು ಈ ಮನೆಗಳ ಮಾಲೀಕ, ಮೂವತ್ತನಾಲ್ಕು ವರ್ಷಗಳ ತಪಾಸಣೆಯ ಅನುಭವವುಳ್ಳವನು, ತಪ್ಪಿರುವುದು ನಿಮ್ಮ ದಾಖಲೆಯಲ್ಲಿ, ಅದನ್ನು ತಿದ್ದಿಕೊಳ್ಳಿ. ಕಂಪನಿಯವರು ಕ್ಷಮೆ ಕೇಳಿ ತಿದ್ದಿಕೊಂಡರು. ಆ ಕ್ಷಮಾಪತ್ರಕ್ಕೆ ಚೌಕಟ್ಟು ಹಾಕಿಸುತ್ತೇನೆಂದು ನಾರ್ಮನ್ ಹೊರಟಾಗ ಡೊರೀನ್ ತಡೆದಳು. ತಡೆಯಬಾರದಿತ್ತು ಎಂದು ಮುಂದೆ ಅವಳಿಗೇ ಅನ್ನಿಸಿತು.

ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಹೆಸ್ಲಪ್ ಮನೆಯಲ್ಲಿ ವಿದ್ಯುತ್ ವಿಚಾರಣಾ ಆಯೋಗದ ಅಧಿವೇಶನ. ಅಧ್ಯಕ್ಷ, ಸದಸ್ಯ, ಕಾರ್ಯದರ್ಶಿ ಮೂರೂ ನಾರ್ಮನ್ನೇ. ಆಪಾದಿತೆ ಡೊರೀನ್. ಅವನು ಟಾರ್ಚು ಹಿಡಿದು ಹೊರಗೆ ಹೋಗಿ, ಕೆಳಗಿನ ಮೀಟರಿನ ಅಂಕಿಯನ್ನು ನೀಲಿ ನೋಟುಬುಕ್ಕಿನಲ್ಲಿ ಬರೆದುಕೊಂಡು ಬಂದು, ಮೊಟ್ಟೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಿದ್ದ.

“ಈ ವಾರ ಕೆಟಲ್ ಎಷ್ಟು ಸಲ ಇಟ್ಟೆ?”

“ದಿನಕ್ಕೆ ನಾಲ್ಕು.”

“ಮೀಟರ್ ಹಾಗೆ ಹೇಳ್ತಿಲ್ಲ.”

“ಹಾಗಿದ್ರೆ ಇನ್ಮೇಲೆ ಮೀಟರ್ ಜೊತೆಗೇ ಕೂತು ತಿಂಡಿ ತಿನ್ನು.”

“ಹೀಟರ್?”

“ಸಾಯಂಕಾಲ ಒಂದು ಗಂಟೆ. ನಿನ್ನ ಕಣ್ಣೆದುರಿಗೇ.”

“ನಾನು ಕಣ್ಣೆದುರಿಗೆ ಇಲ್ಲದಾಗ?”

ಈ ಪ್ರಶ್ನೆಗೆ ಡೊರೀನ್ ಮೊದಮೊದಲು ಉತ್ತರ ಕೊಡುತ್ತಿದ್ದಳು. ಆಮೇಲೆ ಜಗಳವಾಡುತ್ತಿದ್ದಳು. ಕಡೆಕಡೆಗೆ ಮೊಟ್ಟೆಯ ಸಿಪ್ಪೆಯನ್ನು ಸಣ್ಣಗೆ ಪುಡಿ ಮಾಡುತ್ತ ಕೂರುತ್ತಿದ್ದಳು. ಅವಳು ನಿಜವಾಗಿಯೂ ದಿನಕ್ಕೆ ನಾಲ್ಕೇ ಸಲ ಕೆಟಲ್ ಇಡುತ್ತಿದ್ದಳು. ಎರಡು ಸ್ವೆಟರು, ಅದರ ಮೇಲೆ ಕೋಟು, ಮಡಿಲಲ್ಲಿ ಬಿಸಿನೀರಿನ ಚೀಲ, ಇದು ಅವಳ ಚಳಿಗಾಲದ ವೇಷ. ಮದುವೆ ಕೇಕುಗಳ ಮೇಲೆ ಸಕ್ಕರೆಯ ಹೂ ಕೂರಿಸುವುದರಲ್ಲಿ ಆ ಊರಿಗೇ ಹೆಸರಾಗಿದ್ದವಳು ಡೊರೀನ್. ಸಕ್ಕರೆಯ ಗುಲಾಬಿಗೆ ಬೆರಳು ಬೆಚ್ಚಗಿರಬೇಕು. ಅವಳ ಬೆರಳುಗಳು ನವೆಂಬರಿನಲ್ಲಿ ಕೆಂಪಗೆ ಊದಿಕೊಂಡರೆ ಮಾರ್ಚಿಗೇ ಇಳಿಯುವುದು. ಚರ್ಚಿನ ಕ್ರಿಸ್‌ಮಸ್ ಕೇಕಿಗೆ ಹೂ ಮಾಡುವುದನ್ನು ಬಿಟ್ಟು ನಾಲ್ಕು ವರ್ಷವಾಗಿತ್ತು. ಅದಕ್ಕೆ ಅವಳಿಗೆ ಬೇಸರವಿತ್ತು. ಆದರೆ ಅದಕ್ಕಿಂತ ದೊಡ್ಡ ಬೇಸರವೆಂದರೆ, ಕಟ್ಟಿಕೊಂಡ ಗಂಡ ತನ್ನ ಮಾತಿಗಿಂತ ಗೋಡೆಯ ಗೂಡಿನ ಮಾತನ್ನು ನಂಬುತ್ತಾನೆ ಎಂಬುದು.

ಆಯೋಗಕ್ಕೆ ಒಬ್ಬ ಆದರ್ಶ ಪುರುಷನೂ ಇದ್ದ. ಮೇಲಿನ ಮನೆಯಲ್ಲಿ ಹನ್ನೊಂದು ವರ್ಷ ಬಾಡಿಗೆಗಿದ್ದ ಫೇರ್‌ಬೇರ್ನ್. ಹಡಗಿನಲ್ಲಿ ಅಡುಗೆಯವನಾಗಿ ಬಿಸಿ ಸಮುದ್ರಗಳನ್ನೆಲ್ಲ ಸುತ್ತಿ ಬಂದ ದಪ್ಪನೆಯ ಮನುಷ್ಯ. ಜನವರಿಯಲ್ಲೂ ಬರೀ ಬನಿಯನ್ನಿನಲ್ಲಿ ಕಿಟಕಿಯಾಚೆ ತಲೆ ಹಾಕಿ ಬೆವರು ಒರೆಸಿಕೊಳ್ಳುತ್ತಿದ್ದ. ಮೇಲಿನ ಮೀಟರಾದರೋ ಆಮೆಯ ಹಾಗೆ ಓಡುತ್ತಿತ್ತು.

“ನೋಡಿ ಕಲಿ,” ಎನ್ನುತ್ತಿದ್ದ ನಾರ್ಮನ್. “ನಿನ್ನ ಅರ್ಧದಷ್ಟೂ ಉರಿಸಲ್ಲ ಆತ. ಬನಿಯನ್ನಲ್ಲಿ ಓಡಾಡ್ತಾನೆ. ಸಮುದ್ರದಲ್ಲಿ ಗಟ್ಟಿಯಾದ ಮೈ ಅದು.”

“ಕಿಟಕಿ ಯಾಕೆ ತೆಗೀತಾನೆ ಹಾಗಾದ್ರೆ?”

“ಶುದ್ಧ ಗಾಳಿಗೆ. ಬಿಸಿ ಮೇಲಕ್ಕೆ ಏರುತ್ತೆ, ಡೊರೀನ್. ವಿಜ್ಞಾನ. ನೀನು ಇಲ್ಲಿ ಕದ್ದು ಉರಿಸಿದ್ದೆಲ್ಲ ಅವನಿಗೆ ಪುಕ್ಕಟೆ ಸಿಗ್ತಿದೆ.”

“ನನ್ನ ಹತ್ರ ಬಿಸಿ ಅನ್ನೋದು ಇದ್ರೆ ತಾನೇ ಮೇಲಕ್ಕೆ ಹೋಗೋಕೆ,” ಎಂದು ಡೊರೀನ್ ಬಿಸಿನೀರಿನ ಚೀಲವನ್ನು ಮಗ್ಗುಲು ಬದಲಿಸಿ ಇಟ್ಟುಕೊಂಡಳು.

ಇಂಥ ಫೇರ್‌ಬೇರ್ನ್ ಅಕ್ಟೋಬರ್ ಕೊನೆಯಲ್ಲಿ, ವಿಟ್ಬಿ ಕಡೆ ಮಗಳ ಮನೆಯ ಹತ್ತಿರ ಇರುತ್ತೇನೆಂದು ಮನೆ ಖಾಲಿ ಮಾಡಿದ. ಹೋಗುವಾಗ ನಾರ್ಮನ್ನನ ಕೈ ಕುಲುಕಿ, “ಇಷ್ಟು ಕಮ್ಮಿ ಖರ್ಚಿನ ಬೆಚ್ಚನೆ ಮನೆ ನನ್ನ ಜನ್ಮದಲ್ಲಿ ನೋಡಿಲ್ಲ ಕಣಯ್ಯ,” ಎಂದ. ನಾರ್ಮನ್ನನ ಕಣ್ಣು ತುಂಬಿ ಬಂತು.

ಮನೆ ಖಾಲಿಯಾದರೆ ಅದರ ಕರೆಂಟು ತಾನೇ ತಾನಾಗಿ ಮಾಲೀಕನ ಹೆಸರಿಗೆ ಬರುತ್ತದೆ. ಅಂದರೆ, ಕಂಪನಿಯನ್ನು ಆರಿಸುವ ಹಕ್ಕು ಹನ್ನೊಂದು ವರ್ಷಗಳ ವನವಾಸ ಮುಗಿಸಿ ನಾರ್ಮನ್ನನ ಮಡಿಲಿಗೆ ಬಂದು ಬಿತ್ತು. ಅದರ ಜೊತೆಗೇ ಅವನ ತಲೆಯಲ್ಲಿ ಒಂದು ಮಹಾ ಯೋಜನೆಯೂ ಹೊಳೆಯಿತು. ಇನ್ನು ಮುಂದೆ ಕರೆಂಟು ಸೇರಿಸಿಯೇ ಬಾಡಿಗೆ. ಬಿಲ್ಲು ಮಾಲೀಕನ ಹೆಸರಿನಲ್ಲೇ ಇರುತ್ತದೆ, ಆರಿಸುವ ಹಕ್ಕೂ ಮಾಲೀಕನಲ್ಲೇ ಉಳಿಯುತ್ತದೆ. ಮೂಲೆಯಂಗಡಿಯ ಕಿಟಕಿಗೆ ‘ಬಾಡಿಗೆಗೆ ಇದೆ, ಕರೆಂಟು ಸೇರಿ’ ಎಂದು ಚೀಟಿ ಅಂಟಿಸಿ ಬಂದ. ನೀರಿನ ಪೈಪು ಹೆಪ್ಪುಗಟ್ಟದಿರಲೆಂದು ಮೇಲಿನ ಮನೆಯಲ್ಲಿ ಒಂದೇ ಒಂದು ಹೀಟರನ್ನು ಅತಿ ಸಣ್ಣಗೆ ಹಚ್ಚಿಟ್ಟ. ಆಮೇಲೆ ಯಾವ ಕಂಪನಿ ಎಂಬ ಸಂಶೋಧನೆಗೆ ಇಳಿದ.

ಮೊದಲ ಭಾನುವಾರದ ಆಯೋಗದಲ್ಲಿ ಪವಾಡ ನಡೆದುಹೋಯಿತು. ಕೆಳಗಿನ ಮೀಟರು ಧೊಪ್ಪನೆ ಇಳಿದಿತ್ತು. ನಾರ್ಮನ್ ಎರಡು ಸಲ ಹೊರಗೆ ಹೋಗಿ ನೋಡಿ ಬಂದ.

“ಭಲೇ, ಡೊರೀನ್. ಕೊನೆಗೂ ಕಲಿತೆ.”

“ಏನು ಕಲಿತೆ?”

“ಕಾಲು ಭಾಗಕ್ಕೆ ಇಳಿಸಿದೀಯ. ಹನ್ನೊಂದು ವರ್ಷ ಹೇಳಿದ್ದು ಈಗ ತಲೆಗೆ ಹೋಯ್ತು.”

ಡೊರೀನ್ ಚಮಚವನ್ನು ಕೆಳಗಿಟ್ಟಳು. “ನಾನು ಏನೂ ಇಳಿಸಿಲ್ಲ. ನಿಜ ಹೇಳ್ಬೇಕಂದ್ರೆ ಈ ವಾರ ನೀನು ಹೊರಗೆ ಹೋದಾಗೆಲ್ಲ ಮಧ್ಯಾಹ್ನ ಎರಡು ಗಂಟೆ ಹೀಟರ್ ಹಾಕ್ಕೊಂಡು ಕೂತಿದ್ದೆ. ಬೇಕಂತಲೇ. ಹೆಂಗೂ ಕಳ್ಳಿ ಅಂತೀಯ, ಕದ್ದೇ ಬಿಡೋಣ ಅಂತ.”

“ತಮಾಷೆ ಮಾಡ್ಬೇಡ. ಮೀಟರ್ ಹಾಗೆ ಹೇಳ್ತಿಲ್ಲ.”

ಸುಳ್ಳು ಹೇಳುತ್ತಾಳೆಂದು ಹನ್ನೊಂದು ವರ್ಷ ಅವಳ ಮಾತನ್ನು ನಂಬದವನು, ಈಗ ತಪ್ಪೊಪ್ಪಿಕೊಂಡರೂ ನಂಬಲಿಲ್ಲ. ಇಂಥ ಗಂಡನಿಗೆ ಏನು ಹೇಳುವುದು? ಡೊರೀನ್ ತಟ್ಟೆ ತೆಗೆದುಕೊಂಡು ಎದ್ದು ಹೋದಳು.

ಇನ್ನೊಂದು ಕಡೆ ಮೇಲಿನ ಮೀಟರು. ಮನೆ ಖಾಲಿ, ಅಲ್ಲಿರುವುದು ಒಂದು ಬಡಕಲು ಹೀಟರು. ಆದರೆ ಮೀಟರು ಫೇರ್‌ಬೇರ್ನ್ ಇದ್ದಾಗ ಓಡುತ್ತಿದ್ದಷ್ಟೇ ಓಡುತ್ತಿತ್ತು, ಒಂದು ಗುಲಗಂಜಿ ಹೆಚ್ಚೇ. ನಾರ್ಮನ್ ಮೇಲೆ ಹೋಗಿ ಕೋಣೆ ಕೋಣೆ ಹುಡುಕಿದ, ಬೀರುವಿನೊಳಗೆ ತಲೆ ಹಾಕಿದ. ಕೊನೆಗೆ ಎರಡು ಸಿದ್ಧಾಂತಗಳನ್ನು ಮಂಡಿಸಿದ. ಒಂದು, ಫೇರ್‌ಬೇರ್ನ್ ಮಹಾಶಯ ಕರೆಂಟನ್ನು ಮುಟ್ಟುತ್ತಲೇ ಇರಲಿಲ್ಲ, ಆತನೊಬ್ಬ ಋಷಿ. ಎರಡು, ಆತ ಆರಿಸಿಕೊಂಡಿದ್ದ ಹಳೆಯ ಕಂಪನಿಯ ಮೀಟರು ತಾನೇ ಓಡುತ್ತದೆ, ಶುದ್ಧ ಮೋಸ. ಆದ್ದರಿಂದ ಹೊಸ ಕಂಪನಿ ಬರುವಾಗ ಹೊಸ ಮೀಟರೂ ಬರತಕ್ಕದ್ದು.

ಆಮೇಲಿನ ನಾಲ್ಕು ವಾರ ಅವನು ದಿನಾ ಬೆಳಿಗ್ಗೆ ಹತ್ತಕ್ಕೆ ಊರಿನ ಲೈಬ್ರರಿಗೆ ಹೋಗಿ ಸಂಜೆ ನಾಲ್ಕಕ್ಕೆ ಬರುತ್ತಿದ್ದ. (ಲೈಬ್ರರಿಯಲ್ಲಿ ಹೀಟರು ಚೆನ್ನಾಗಿ ಉರಿಯುತ್ತದೆ. ಇದನ್ನು ಅವನು ಮನೆಯಲ್ಲಿ ಹೇಳಿರಲಿಲ್ಲ.) ಗಾಳಿಯಿಂದ ಕರೆಂಟು ತೆಗೆಯುವ ಕಂಪನಿ ಒಂದು; ಅದರ ಕಾಗದವೆಲ್ಲ ಹಸಿರು. ಭಾನುವಾರ ಮಧ್ಯಾಹ್ನ ಪುಕ್ಕಟೆ ಕೊಡುವ ಕಂಪನಿ ಇನ್ನೊಂದು. ಅದರವರು ಉಳಿದ ಆರು ದಿನ ಅದನ್ನು ಹೇಗೆ ವಸೂಲಿ ಮಾಡುತ್ತಾರೆ ಎಂದು ಕಂಡುಹಿಡಿಯುವುದಕ್ಕೇ ಒಂದು ವಾರ ಹಿಡಿಯಿತು. ಫೋನು ಮಾಡಿದರೆ ಮನುಷ್ಯರೇ ಎತ್ತುತ್ತಾರೆ ಎಂದು ಹೇಳಿಕೊಳ್ಳುವ ಕಂಪನಿ ಮೂರನೆಯದು. ನಾರ್ಮನ್ ಪರೀಕ್ಷೆಗೆಂದು ಫೋನು ಮಾಡಿದ, ಮನುಷ್ಯನೇ ಎತ್ತಿದ, ಇವನಿಗೆ ಏನು ಮಾತಾಡುವುದೆಂದು ತಿಳಿಯದೆ ಇಟ್ಟುಬಿಟ್ಟ. ರಾತ್ರಿಯ ದರ, ಹಗಲಿನ ದರ, ಒಂದು ವರ್ಷದ ಕಟ್ಟು, ಎರಡು ವರ್ಷದ ಕಟ್ಟು ಎಂದು ಊಟದ ಮೇಜಿನ ತುಂಬ ಕಾಗದ ಹರಡಿ, ಊಟವನ್ನು ತೊಡೆಯ ಮೇಲೆ ಇಟ್ಟುಕೊಂಡು ತಿನ್ನುವ ಪರಿಸ್ಥಿತಿ ಬಂತು.

“ನನ್ನನ್ನ ಆರಿಸೋಕೆ ನಿನಗೆ ಒಂದು ಸಂಜೆ ಸಾಕಾಗಿತ್ತು, ನಾರ್ಮನ್,” ಎಂದಳು ಡೊರೀನ್.

“ಆವಾಗ ಹೋಲಿಸಿ ನೋಡೋ ಸೌಕರ್ಯ ಇರಲಿಲ್ಲ.”

ಈ ಮಾತು ಬಾಯಿಂದ ಹೊರಬಿದ್ದ ಮೇಲೆ ಅವನಿಗೂ ಅದು ಸರಿಯಾಗಲಿಲ್ಲ ಎನ್ನಿಸಿತು. ಆದರೆ ಆ ಹೊತ್ತಿಗೆ ಅವಳು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು.

ಕೊನೆಗೆ ಪುಕ್ಕಟೆ ಭಾನುವಾರದ ಕಂಪನಿಯೇ ಗೆದ್ದಿತು. ಬರಲಿರುವ ಬಾಡಿಗೆದಾರರಿಗಾಗಿ ನಾರ್ಮನ್ ಹದಿನೇಳು ಸೂಚನೆಗಳ ಒಂದು ಪಟ್ಟಿಯನ್ನೂ ತಯಾರಿಸಿದ. ಬಟ್ಟೆ ಒಗೆಯುವುದು, ಇಸ್ತ್ರಿ, ಸ್ನಾನ, ಹುರಿಯುವುದು, ಬೇಯಿಸುವುದು ಎಲ್ಲವೂ ಭಾನುವಾರ ಹನ್ನೊಂದರಿಂದ ನಾಲ್ಕರೊಳಗೆ. ಡೊರೀನ್ ಅದನ್ನು ಓದಿ, “ಹುಟ್ಟೋದು ಸಾಯೋದು ಬರೆದಿಲ್ಲ,” ಎಂದಳು. ಮೂಲೆಯಂಗಡಿಯ ಚೀಟಿ ನೋಡಿ ಬಂದಿದ್ದ ಇಬ್ಬರು ಈ ಪಟ್ಟಿಯನ್ನು ನೋಡಿ ಹೋದರು. ಅವರು ಮತ್ತೆ ಬರಲಿಲ್ಲ.

ಡಿಸೆಂಬರಿನ ಮೊದಲ ಮಂಗಳವಾರ, ಹನ್ನೊಂದು ಗಂಟೆಗೆ ಹೊಸ ಮೀಟರು ಹಾಕಲು ನಾದಿಯಾ ಸಾಲೇಹ್ ಎಂಬ ಹುಡುಗಿ ಬಂದಳು. ಹುಟ್ಟಿ ಬೆಳೆದದ್ದೆಲ್ಲ ಶೀಲ್ಡ್ಸಿನಲ್ಲೇ. ಸಮುದ್ರದ ಕಡೆಯಿಂದ ಮಂಜು ಬಂದು ಬೀದಿಯ ಎದುರು ಸಾಲೇ ಕಾಣುತ್ತಿರಲಿಲ್ಲ. ಡೊರೀನ್ ಒಳಗೆ ಕೋಟು ಹಾಕಿಕೊಂಡೇ ಲೀಕ್ ಈರುಳ್ಳಿಯ ಪೈ ಮಾಡಿ ಓವನ್ನಿಗೆ ಇಟ್ಟಿದ್ದಳು. ವಾರಕ್ಕೆ ಒಂದು ಸಲ ಓವನ್ನಿಗೆ ಅನುಮತಿಯಿತ್ತು, ಅದೂ ಈ ವಾರ ಎರಡು ದಿನ ಮುಂದಕ್ಕೆ ಹೋಗಿ ಇಂದು ಸಿಕ್ಕಿತ್ತು.

ನಾದಿಯಾ ಗೂಡನ್ನು ತೆರೆದು ಬಿಳಿ ಅಂಕಿಗಳನ್ನು ನೋಡಿದಳು.

“ಬಣ್ಣದಲ್ಲಿ ಯಾರು ಬರೆದಿದ್ದು?”

“ನಾನೇ,” ಎಂದ ನಾರ್ಮನ್, ಎದೆ ಸ್ವಲ್ಪ ಮುಂದೆ ಮಾಡಿ.

“ಚೆನ್ನಾಗಿದೆ. ಮೇಲಿನ ಮನೆಯದ್ದು ಆಫ್ ಮಾಡ್ತೀನಿ. ಅಲ್ಲಿ ಯಾರೂ ಇಲ್ಲ ತಾನೆ?”

“ಯಾರೂ ಇಲ್ಲ.”

ಅವಳು ‘49’ರ ಸ್ವಿಚ್ಚನ್ನು ಎಳೆದಳು. ಒಳಗಿನಿಂದ ಡೊರೀನಳ ದನಿ ಬಂತು. “ನಾರ್ಮನ್, ಓವನ್ ಹೋಯ್ತು.”

“ಕೆಟಲ್ಲೂ ಜೊತೆಗೇ ಹಾಕಿದೀಯ ನೀನು,” ಎಂದು ನಾರ್ಮನ್ ಕೂಗಿದ. ನಾದಿಯಾಳ ಕಡೆ ತಿರುಗಿ, ಗಂಡಸರು ಗಂಡಸರ ಹತ್ತಿರ ನಗುವ ಹಾಗೆ ನಕ್ಕ. ಅವಳು ನಗಲಿಲ್ಲ. ಸ್ವಿಚ್ಚನ್ನು ಮತ್ತೆ ಹಾಕಿದಳು.

“ಬಂತು,” ಎಂದಳು ಡೊರೀನ್.

ಎಳೆದಳು.

“ಹೋಯ್ತು.”

ನಾದಿಯಾ ಮೇಲಿನ ಮನೆಗೆ ಹೋಗಿ ಕಿಟಕಿಯ ಬಳಿಯ ದೀಪ ಹಚ್ಚಿ ಬಂದಳು. ‘49’ನ್ನು ಮತ್ತೆ ಹಾಕಿ ಡೊರೀನಳ ಓವನ್ನು ಉರಿಯಲು ಬಿಟ್ಟು, ಈ ಸಲ ‘47’ರ ಸ್ವಿಚ್ಚನ್ನು ಎಳೆದಳು. ಮಂಜಿನಲ್ಲಿ ಹಳದಿಯಾಗಿ ಕಾಣುತ್ತಿದ್ದ ಮೇಲಿನ ಕಿಟಕಿ ಕಪ್ಪಾಯಿತು. ಆಮೇಲೆ ಅವಳು ಜೇಬಿನಿಂದ ಒಂದು ನಾಣ್ಯ ತೆಗೆದು ಮುತ್ತಿನಂಥ ‘49’ನ್ನು ಕೆರೆದಳು. ಬಣ್ಣದಡಿಯ ಹಿತ್ತಾಳೆಯ ಮೇಲೆ, ಯಾರೋ ಪುಣ್ಯಾತ್ಮರು ಎಂದೋ ಕೊರೆದಿಟ್ಟ ‘47’ ಕಾಣಿಸಿತು.

“ಸರ್, ಅದಲು ಬದಲಾಗಿದೆ. ಇದು ನಿಮ್ಮ ಮನೇದು. ಕೆಳಗಿರೋದು ಮೇಲಿನ ಮನೇದು.”

“ಆದರೆ ಮೇಲಿರೋದು ಮೇಲಿಂದು,” ಎಂದ ನಾರ್ಮನ್. “ಕೆಳಗಿರೋದು ಕೆಳಗಿಂದು. ಯಾರು ನೋಡಿದರೂ ಹಾಗೇ ಅಲ್ವಾ?”

“ವೈರಿಗೆ ಅದೆಲ್ಲ ಗೊತ್ತಾಗಲ್ಲ ಸರ್.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಆ ಊರಿನಲ್ಲಿ ಇಲ್ಲ. ಇದ್ದಿದ್ದರೆ ಅದನ್ನು ಆ ಗೂಡಿನ ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ ಬರೆಯಬಹುದಾಗಿತ್ತು. ಜ್ವರ ಬಂದದ್ದು ಫೇರ್‌ಬೇರ್ನನಿಗೆ. ಹನ್ನೊಂದು ಚಳಿಗಾಲ ಕಿಟಕಿ ತೆರೆದಿಟ್ಟು ಹೀಟರುಗಳನ್ನೆಲ್ಲ ಉರಿಸಿ ಬನಿಯನ್ನಿನಲ್ಲಿ ಬೆವರಿದವನು ಆತ. ಯಾರದ್ದೋ ದುಡ್ಡು, ಯಲ್ಲಮ್ಮನ ಜಾತ್ರೆ. ಬರೆ ಬಿದ್ದದ್ದು ಎರಡು ಸ್ವೆಟರಿನ ಎಮ್ಮೆಗೆ.

ಆ ಎಮ್ಮೆ ಈಗ ಬಾಗಿಲಲ್ಲಿ ನಿಂತಿತ್ತು. ಕೋಟು, ಕೈಗೆ ಓವನ್ನಿನ ದಪ್ಪ ಗವಸು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ನಾರ್ಮನ್ನನಿಗೆ ತಿಳಿಯಲಿಲ್ಲ. ಅವಳು ಅವನ ಕಡೆ ನೋಡದೆ ನಾದಿಯಾಳನ್ನೇ ಕೇಳಿದಳು.

“ಪ್ರತಿ ಭಾನುವಾರ ಇವನು ಓದ್ತಿದ್ದನಲ್ಲ, ಆ ಅಂಕಿ ಯಾರದು?”

“ಮೇಲಿನ ಮನೇದು, ಮೇಡಂ.”

“ಎಷ್ಟು ವರ್ಷದಿಂದ?”

“ಬಣ್ಣ ಹಚ್ಚಿದಾಗಿನಿಂದ ಇರಬೇಕು.”

“ನನ್ನದು ಯಾವುದು?”

ನಾದಿಯಾ ತೋರಿಸಿದಳು. ಬಗ್ಗಿ ಅಂಕಿಯನ್ನು ಓದಿ, ಹಿಂದಿನ ವರ್ಷಗಳ ಲೆಕ್ಕವನ್ನು ತನ್ನ ಯಂತ್ರದಲ್ಲಿ ನೋಡಿ, ಒಳ್ಳೆಯ ಹುಡುಗಿ, ಒಂದು ಒಳ್ಳೆಯ ಮಾತು ಹೇಳೋಣವೆಂದು ಹೇಳಿದಳು. “ತುಂಬ ಕಡಿಮೆ ಓಡಿದೆ ಮೇಡಂ. ನಾನು ನೋಡಿದ್ರಲ್ಲೇ ಕಡಿಮೆ. ಈ ಅಂಕಿ ನೋಡಿದ್ರೆ ಮನೇಲಿ ಯಾರೂ ವಾಸ ಇರಲೇ ಇಲ್ವೇನೋ ಅನ್ಸತ್ತೆ.”

ಡೊರೀನ್ ಒಂದು ಕ್ಷಣ ಆ ಮೀಟರನ್ನೇ ನೋಡಿದಳು. ಆಮೇಲೆ ಒಳಗೆ ಹೋಗಿ ಪೈ ಆಯಿತೋ ಇಲ್ಲವೋ ಎಂದು ನೋಡಿದಳು.

ನಾರ್ಮನ್ ಜಗಳಕ್ಕೆ ಸಿದ್ಧನಾಗಿದ್ದ. ಜಗಳವಾಗಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಊಟದ ಹೊತ್ತಿಗೆ ಅವನೇ ಬಾಯಿ ಬಿಟ್ಟ. “ಬಿಲ್ಲೆ ಕಪ್ಪಾಗಿತ್ತು, ಡೊರೀನ್. ಓದೋಕೇ ಆಗ್ತಿರಲಿಲ್ಲ.”

“ನನ್ನ ಮಾತು ಕಪ್ಪಾಗಿರಲಿಲ್ಲ. ಕೇಳಿಸ್ತಿತ್ತು ಅಲ್ವಾ?”

“ಕೇಳಿಸ್ತಿತ್ತು.”

“ಪೈ ಇನ್ನೊಂದು ಚೂರು ಬೇಕಾ?” ಎಂದಳು. ಅಷ್ಟೇ. ಅವನಿಗೆ ಬೇಕಿರಲಿಲ್ಲ, ಆದರೂ ಬೇಕು ಎಂದ. ಬೇಡ ಎನ್ನುವ ಧೈರ್ಯ ಬರಲಿಲ್ಲ.

ಮರುದಿನ ಬೆಳಿಗ್ಗೆ ಡೊರೀನ್ ಹೊರಗೆ ಹೋಗಿ ಬಂದಳು. ಕೈಯಲ್ಲಿ ಒಂದು ಚೀಟಿ. ಮೂಲೆಯಂಗಡಿಯ ಕಿಟಕಿಯಿಂದ ಕಿತ್ತು ತಂದದ್ದು. ಅದನ್ನು ನಾರ್ಮನ್ನನ ಕಾಗದಗಳ ಮೇಲೆ ಇಟ್ಟು ಎದುರಿಗೆ ಕುಳಿತಳು.

“ಈ ಮನೆ ಇನ್ನೂ ಖಾಲಿ ಇದೆಯಾ?”

“ಯಾವ ಮನೆ?”

“ಮೇಲಿಂದು. ನಾನು ಬರ್ತೀನಿ. ನನ್ನ ಪೆನ್ಷನ್ನಲ್ಲಿ ಬಾಡಿಗೆ ಕೊಡ್ತೀನಿ.”

“ಡೊರೀನ್, ಹುಚ್ಚು ಹುಚ್ಚಾಗಿ ಮಾತಾಡ್ಬೇಡ.”

“ಕರೆಂಟು ಸೇರಿಸಬೇಡ. ಬಿಲ್ ನಾನೇ ಕಟ್ತೀನಿ. ಬಿಲ್ ಕಟ್ಟೋರು ಕಂಪನಿ ಆರಿಸ್ತಾರೆ. ಕಾನೂನು ನಿನಗೆ ನನಗಿಂತ ಚೆನ್ನಾಗಿ ಗೊತ್ತು.”

ನಲವತ್ತೆರಡು ವರ್ಷ ಸಂಸಾರ ಮಾಡಿದ ಹೆಂಡತಿ ಬಾಡಿಗೆದಾರಳಾಗುತ್ತೇನೆಂದರೆ ಯಾವ ಗಂಡ ತಾನೇ ಏನು ಹೇಳಬಲ್ಲ? ಇದು ನಾಟಕ, ಎರಡು ದಿನದಲ್ಲಿ ಇಳಿದು ಬರುತ್ತಾಳೆ ಎಂದುಕೊಂಡ. ಅವಳು ಒಂದು ಸೂಟ್‌ಕೇಸು, ರೇಡಿಯೋ, ಕೇಕಿನ ಸಾಮಾನಿನ ಡಬ್ಬಿ ಇಷ್ಟನ್ನೇ ತೆಗೆದುಕೊಂಡು ನಲವತ್ತೇಳನೆಯ ಬಾಗಿಲಿನಿಂದ ಹೊರಬಂದು, ಎರಡು ಹೆಜ್ಜೆ ನಡೆದು, ನಲವತ್ತೊಂಬತ್ತನೆಯ ಬಾಗಿಲಿನಿಂದ ಒಳಗೆ ಹೋದಳು. ಮೆಟ್ಟಿಲು ಹತ್ತುವ ಸದ್ದು ಕೇಳಿಸಿತು. ಮಧ್ಯಾಹ್ನದ ಹೊತ್ತಿಗೆ ಮೇಲಿನ ಹೀಟರುಗಳು ಬಿಸಿಯೇರುವಾಗ ಮಾಡುವ ಟಿಕ್ ಟಿಕ್ ಸದ್ದೂ ಕೇಳಿಸಿತು, ಒಂದಲ್ಲ, ನಾಲ್ಕೂ ಹೀಟರಿನದು.

ಎರಡು ದಿನ ಹೋಗಿ ಎರಡು ವಾರವಾಯಿತು. ಒಂದು ಬೆಳಿಗ್ಗೆ ನಾರ್ಮನ್ ತಡೆಯಲಾರದೆ ಹೋಗಿ ಬಾಗಿಲು ಬಡಿದ. ಮೇಲಿನ ಕಿಟಕಿಯಿಂದ ಡೊರೀನ್ ತಲೆ ಹಾಕಿದಳು. ತೋಳಿಲ್ಲದ ರವಿಕೆ ಹಾಕಿದ್ದಳು.

“ಮಾಲೀಕರು ಬರೋದಾದ್ರೆ ಒಂದು ದಿನ ಮುಂಚೆ ಬರೆದು ತಿಳಿಸ್ಬೇಕು. ಅದೂ ಕಾನೂನೇ.”

ಅವನು ತನ್ನ ಮನೆಯೊಳಗೆ ಹೋಗಿ ಬರೆದ. ‘ನಾಳೆ ಹನ್ನೊಂದು ಗಂಟೆಗೆ ಮನೆಯ ತಪಾಸಣೆಗೆ ಬರಲು ಅನುಮತಿ ಕೋರುತ್ತೇನೆ. ನಾ. ಹೆಸ್ಲಪ್, ಮಾಲೀಕ.’ ಅವಳ ಬಾಗಿಲಿನ ಅಂಚೆಯ ಕಿಂಡಿಯೊಳಗೆ ಹಾಕಿದ. ಸಂಜೆ ಅದೇ ಚೀಟಿ ಅವನ ಕಿಂಡಿಯಿಂದ ಒಳಗೆ ಬಿತ್ತು. ಕೆಳಗೆ ಒಂದು ಸಾಲು ಸೇರಿಸಿತ್ತು. ‘ಬಾ. ಕೋಟು ಬೇಕಾಗಲ್ಲ.’

ಮೇಲಿನ ಮನೆ ಅಷ್ಟು ಬೆಚ್ಚಗಿರಬಹುದು ಎಂದು ಅವನಿಗೆ ಗೊತ್ತೇ ಇರಲಿಲ್ಲ. ಮೇಜಿನ ಮೇಲೆ ಚರ್ಚಿನ ಕೇಕು. ಅದರ ಸುತ್ತ ಒಣಗಲು ಇಟ್ಟ ಸಕ್ಕರೆಯ ಗುಲಾಬಿಗಳು, ಎಸಳು ಎಷ್ಟು ತೆಳ್ಳಗೆಂದರೆ ಬೆಳಕು ದಾಟಿ ಬರುತ್ತಿತ್ತು. ಡೊರೀನಳ ಬೆರಳುಗಳ ಊತ ಪೂರ್ತಿ ಇಳಿದಿತ್ತು. ಅವನು ಒಂದು ಗುಲಾಬಿಯನ್ನು ಮುಟ್ಟಲು ಹೋಗಿ ಕೈ ಹಿಂತೆಗೆದ. ಬೇರೆ ಮಾತು ತೆಗೆದ.

“ಯಾವ ಕಂಪನಿ ಆರಿಸಿದೆ?”

“ಫೋನ್ ಮಾಡಿದ್ರೆ ಮನುಷ್ಯರು ಎತ್ತೋದು. ಒಳ್ಳೆ ಹುಡುಗ. ಹಿಂದೊಮ್ಮೆ ಈ ಊರಿನಿಂದ ಯಾರೋ ಫೋನ್ ಮಾಡಿ ಮಾತೇ ಆಡದೆ ಇಟ್ರು ಅಂದ.”

“ಎಷ್ಟು ದಿನ ತಗೊಂಡೆ ಆರಿಸೋಕೆ?”

“ಐದು ನಿಮಿಷ.”

ನಾರ್ಮನ್ ಕುರ್ಚಿಯಲ್ಲಿ ಕುಳಿತ. ಬೆಚ್ಚಗಿತ್ತು, ಸಕ್ಕರೆಯ ವಾಸನೆಯಿತ್ತು, ರೇಡಿಯೋ ಸಣ್ಣಗೆ ಹಾಡುತ್ತಿತ್ತು. ಎಷ್ಟೋ ದಿನದಿಂದ ಬಾರದ ನಿದ್ದೆ ಅಲ್ಲೇ ಬಂತು. ಹನ್ನೆರಡಕ್ಕೆ ಅವಳು ಭುಜ ತಟ್ಟಿ ಎಬ್ಬಿಸಿದಳು. “ತಪಾಸಣೆ ಮುಗೀತು,” ಎಂದಳು.

“ಯಾವಾಗ ಕೆಳಗೆ ಬರ್ತೀಯ, ಡೊರೀನ್?”

“ಒಂದು ವರ್ಷಕ್ಕೆ ಕರಾರು ಆಗಿದೆ. ಕರೆಂಟಿನವರ ಜೊತೆ.”

ಕ್ರಿಸ್‌ಮಸ್ ಕಳೆಯಿತು. ಆ ದಿನ ಊಟಕ್ಕೆ ಕರೆದಿದ್ದಳು, ಹೋಗಿ ಬಂದ. ಜನವರಿ ಬಂತು. ಕೆಳಗಿನ ಮನೆ ಕಲ್ಲಿನ ಹಾಗೆ ತಣ್ಣಗೆ. ಭಾನುವಾರ ಟಾರ್ಚು ಹಿಡಿದುಕೊಂಡು ಹೋಗಿ ಅಂಕಿ ಬರೆದುಕೊಂಡು ಬಂದರೂ, ಮೊಟ್ಟೆಯ ತಟ್ಟೆಯನ್ನು ಸರಿಸಿ ಯಾರನ್ನು ಕೇಳುವುದು? ಎದುರಿನ ಕುರ್ಚಿ ಖಾಲಿ. ತನ್ನ ಮೀಟರಿನ ಅಂಕಿ ತೀರಾ ಕಡಿಮೆಯಿತ್ತು. ಮನೆಯಲ್ಲಿ ಯಾರೂ ವಾಸವಿಲ್ಲವೇನೋ ಎನ್ನಿಸುವಷ್ಟು. ಆ ಹುಡುಗಿ ಹೇಳಿದ ಮಾತು ಅವನಿಗೆ ಆಗ ಪೂರ್ತಿ ಅರ್ಥವಾಯಿತು, ಹನ್ನೊಂದು ಚಳಿಗಾಲ ಡೊರೀನ್ ಹೇಗೆ ಕಳೆದಳೆಂದು. ಅವನು ನೋಟುಬುಕ್ಕನ್ನು ಮುಚ್ಚಿದ.

ಆಮೇಲೆ ಎದ್ದು ಕೋಣೆಯ ಹೀಟರನ್ನು ಹಾಕಿದ. ಪಡಸಾಲೆಯದನ್ನು ಹಾಕಿದ. ಅಡುಗೆಮನೆಯದನ್ನೂ ಹಾಕಿ, ಎಲ್ಲವನ್ನೂ ಕೊನೆಯ ಗೆರೆಯವರೆಗೆ ತಿರುಗಿಸಿದ. ಚಳಿಯೆಂದಲ್ಲ. ಬಿಸಿ ಮೇಲಕ್ಕೆ ಏರುತ್ತದೆ. ಒಂದು ದಿನ ಮುಂಚೆ ಬರೆದು ತಿಳಿಸದೆ ಅವಳಿಗೆ ಕಳಿಸಬಹುದಾದದ್ದು ಅದೊಂದೇ. ಆ ವಾರವೆಲ್ಲ ಅವು ಬೆಳಿಗ್ಗೆಯಿಂದ ಸಂಜೆಯವರೆಗೆ ಉರಿದವು. ಅವನು ಕಿಟಕಿ ತೆರೆಯಲಿಲ್ಲ, ಬನಿಯನ್ನಿನಲ್ಲಿ ಕೂತು ಬೆವರಿದ. ಈ ವಿಷಯವನ್ನು ಮೇಲೆ ಹೇಳುವ ಮಾತೇ ಇರಲಿಲ್ಲ. ಹೇಳಲು ಅವನಿಗೆ ಬರುತ್ತಲೂ ಇರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಟಾರ್ಚು ಹಿಡಿದು ಹೊರಗೆ ಬಂದರೆ ಗೂಡಿನ ಬಾಗಿಲು ಆಗಲೇ ತೆರೆದಿತ್ತು. ಡೊರೀನ್ ನಿಂತಿದ್ದಳು, ಕೈಯಲ್ಲಿ ಒಂದು ಹೊಸ ನೋಟುಬುಕ್ಕು, ಕೆಂಪು ಬಣ್ಣದ್ದು.

“ನನ್ನದು ಈ ವಾರ ಅರ್ಧಕ್ಕೆ ಇಳಿದಿದೆ,” ಎಂದಳು. “ನಾನೇನೂ ಇಳಿಸಿಲ್ಲ. ನೆಲ ಬೆಚ್ಚಗಿರುತ್ತೆ, ಯಾಕೋ.”

ಅವನು ಟಾರ್ಚನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ.

ಅವಳು ಬಗ್ಗಿ ಅವನ ಮೀಟರನ್ನು ಓದಿ, ಓದಿದ್ದನ್ನು ಬರೆದುಕೊಂಡು, ಕನ್ನಡಕದ ಮೇಲಿನಿಂದ ಅವನನ್ನು ನೋಡಿದಳು. “ಹೀಟರ್ ಎಷ್ಟು ಹೊತ್ತು ಹಾಕಿದ್ದೆ, ನಾರ್ಮನ್?”

“ಸಾಯಂಕಾಲ ಒಂದು ಗಂಟೆ.”

“ಮೀಟರ್ ಹಾಗೆ ಹೇಳ್ತಿಲ್ಲ,” ಎಂದಳು ಡೊರೀನ್. ನೋಟುಬುಕ್ಕು ಮುಚ್ಚಿ, ನಲವತ್ತೊಂಬತ್ತನೆಯ ಬಾಗಿಲು ತೆರೆದು, ಮೆಟ್ಟಿಲು ಹತ್ತಿ ಹೋದಳು.